‘ಕುಡಿತ ಬಿಡಿ’ ಎಂದು ಬರೆದು ಮನೆಗೆ ಕಳಿಸುವ ಎಲ್ಲ ಆಸ್ಪತ್ರೆಗಳಿಗೆ ಒಂದು ಬಹಿರಂಗ ಪತ್ರ

ಆಸ್ಪತ್ರೆಗಳ ಮುಖ್ಯಸ್ಥರಿಗೆ, ವಾರ್ಡಿನ ವೈದ್ಯರಿಗೆ, ವ್ಯಸನ ಚಿಕಿತ್ಸಾ ಕೇಂದ್ರಗಳನ್ನು ನಡೆಸುವವರಿಗೆ ನಮಸ್ಕಾರ.

ನಾನು ಮೆಡಿಸಿನ್ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್. ಇದು ಯಾವುದೋ ಒಂದು ಆಸ್ಪತ್ರೆಯ ಮೇಲಿನ ದೂರಲ್ಲ. ಎಲ್ಲ ಕಡೆ ನಡೆದುಕೊಂಡು ಬಂದಿರುವ ಒಂದು ರೂಢಿಯ ಬಗ್ಗೆ ಬರೆಯುತ್ತಿದ್ದೇನೆ. ಕುಡಿತದಿಂದ ಕಾಯಿಲೆ ಬಿದ್ದು ಅಡ್ಮಿಟ್ ಆದವರಿಗೆ ನಾವು ಡ್ರಿಪ್ ಹಾಕುತ್ತೇವೆ, ರಕ್ತ ಕೊಡುತ್ತೇವೆ, ಹೊಟ್ಟೆಯಲ್ಲಿ ತುಂಬಿದ ನೀರು ತೆಗೆಯುತ್ತೇವೆ, ರಕ್ತ ವಾಂತಿ ಮಾಡಿಕೊಂಡವರಿಗೆ ಎಂಡೋಸ್ಕೋಪಿ ಮಾಡಿ ಒಡೆದ ರಕ್ತನಾಳಕ್ಕೆ ಬ್ಯಾಂಡ್ ಹಾಕುತ್ತೇವೆ. ರಾತ್ರಿಯೆಲ್ಲ ಎದ್ದು ನೋಡಿಕೊಳ್ಳುತ್ತೇವೆ. ಐದಾರು ದಿನ ಕಳೆದ ಮೇಲೆ ಡಿಸ್ಚಾರ್ಜ್ ಸಮ್ಮರಿಯ ಕೊನೆಯಲ್ಲಿ, ಪಥ್ಯದ ಸೂಚನೆಗಳ ಕೆಳಗೆ, ಒಂದು ಸಾಲು ಬರೆಯುತ್ತೇವೆ: ಮದ್ಯಪಾನ ಬಿಡಲು ಸಲಹೆ ನೀಡಲಾಗಿದೆ. ಅಷ್ಟೇ. ಆ ಮನುಷ್ಯನನ್ನು ಆಸ್ಪತ್ರೆಗೆ ತಂದ ಮೂಲ ಕಾಯಿಲೆಗೆ ನಾವು ಕೊಟ್ಟ ಚಿಕಿತ್ಸೆ ಆ ಒಂದು ಸಾಲು.

ಸಕ್ಕರೆ ಕಾಯಿಲೆಯವರು ಪ್ರಜ್ಞೆ ತಪ್ಪಿ ಬಂದರೆ ನಾವು ಹೀಗೆ ಮಾಡುತ್ತೇವಾ? ‘ಸಕ್ಕರೆ ಇಳಿಸಿಕೊಳ್ಳಲು ಸಲಹೆ ನೀಡಲಾಗಿದೆ’ ಎಂದು ಬರೆದು ಕಳಿಸುತ್ತೇವಾ? ಇನ್ಸುಲಿನ್ ಎಷ್ಟು, ಯಾವಾಗ, ಸೂಜಿ ಹೇಗೆ ಹಿಡಿಯಬೇಕು ಎಂದು ಕೂರಿಸಿಕೊಂಡು ಕಲಿಸುತ್ತೇವೆ. ಮುಂದಿನ ವಾರ ಯಾವ ದಿನ ಯಾರನ್ನು ಕಾಣಬೇಕು ಎಂದು ಬರೆದು ಕೊಡುತ್ತೇವೆ. ಹೃದಯಾಘಾತ ಆದವರನ್ನು ಸ್ಟೆಂಟ್ ಹಾಕಿ ಸುಮ್ನೆ ಬಿಡುವುದಿಲ್ಲ. ಕುಡಿತದ ಕಾಯಿಲೆಗೆ ಮಾತ್ರ ಇಷ್ಟು ಸಾಕು ಎಂದು ಯಾರು ತೀರ್ಮಾನ ಮಾಡಿದರು? ನನಗಂತೂ ಉತ್ತರ ಸಿಕ್ಕಿಲ್ಲ.

ಇದು ನಾಲ್ಕು ಜನರ ಸಮಸ್ಯೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ವರದಿ ಪ್ರಕಾರ, 2019ರ ಒಂದೇ ವರ್ಷದಲ್ಲಿ ಮದ್ಯದಿಂದ ಆದ ಸಾವುಗಳು ಸುಮಾರು 26 ಲಕ್ಷ. ಕುಡಿತದ ಕಾಯಿಲೆ ಇರುವವರು ಜಗತ್ತಿನಲ್ಲಿ ಸುಮಾರು 40 ಕೋಟಿ. ಅದರಲ್ಲಿ 20 ಕೋಟಿಗೂ ಜಾಸ್ತಿ ಜನ ಮದ್ಯವಿಲ್ಲದೆ ದಿನ ಕಳೆಯಲಾರದ ಸ್ಥಿತಿಗೆ ಹೋದವರು. ಇವರಲ್ಲಿ ವ್ಯಸನ ಚಿಕಿತ್ಸೆ ಹುಡುಕಿಕೊಂಡು ತಾವಾಗಿ ಬರುವವರು ಕಡಿಮೆ. ಆದರೆ ಕಾಮಾಲೆ, ಫಿಟ್ಸ್, ಮೂಳೆ ಮುರಿತ, ತಲೆಗೆ ಪೆಟ್ಟು, ಸಹಿಸಲಾಗದ ಹೊಟ್ಟೆನೋವು ಅಂತ ಒಂದಲ್ಲ ಒಂದು ದಿನ ನಮ್ಮ ಬಾಗಿಲಿಗೆ ಬಂದೇ ಬರುತ್ತಾರೆ. ಬಂದು ದಿನಗಟ್ಟಲೆ ಅಲ್ಲೇ ಇರುತ್ತಾರೆ. ಅವರನ್ನು ಹುಡುಕಿಕೊಂಡು ನಾವು ಎಲ್ಲಿಗೂ ಹೋಗಬೇಕಿಲ್ಲ.

ವಾರ್ಡಿನಲ್ಲಿ ಏನಾಗುತ್ತದೆ ಎಂದು ಗೊತ್ತಿಲ್ಲದ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವರ್ಷಗಟ್ಟಲೆ ದಿನವೂ ಕುಡಿದ ಮೈ ಮದ್ಯಕ್ಕೆ ಹೊಂದಿಕೊಂಡುಬಿಟ್ಟಿರುತ್ತದೆ. ಅದು ಒಮ್ಮೆಲೇ ನಿಂತಾಗ ಕೆಲವೇ ಗಂಟೆಗಳಲ್ಲಿ ಕೈ ನಡುಗಲು ಶುರುವಾಗುತ್ತದೆ, ಬೆವರು, ಎದೆ ಬಡಿತ, ವಾಂತಿ, ಕೂತಲ್ಲಿ ಕೂರಲಾಗದ ಚಡಪಡಿಕೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಡೆಲಿರಿಯಂ ಬರುತ್ತದೆ, ಅಂದರೆ ಎಲ್ಲಿದ್ದೇನೆ ಎಂಬುದೇ ತಿಳಿಯದೆ ಇಲ್ಲದ್ದು ಕಾಣಿಸುತ್ತದೆ, ಕೇಳಿಸುತ್ತದೆ. ಇದು ಪ್ರಾಣಕ್ಕೇ ಅಪಾಯ. ಅದಕ್ಕೇ ದಿನವೂ ಜಾಸ್ತಿ ಕುಡಿಯುವವರು ಮನೆಯಲ್ಲಿ ತಾವೇ ಹಠ ಹಿಡಿದು ಒಂದೇ ಏಟಿಗೆ ನಿಲ್ಲಿಸಬಾರದು, ವೈದ್ಯರ ನಿಗಾದಲ್ಲೇ ನಿಲ್ಲಿಸಬೇಕು. ಆಸ್ಪತ್ರೆಯಲ್ಲಿ ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್, ಲಿವರ್ ತುಂಬಾ ಹಾಳಾಗಿದ್ದರೆ ಲೊರಾಜೆಪಾಮ್, ಈ ಥರದ ಔಷಧಿ ಕೊಟ್ಟು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾ ಬರುತ್ತೇವೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್. ಅದು ಕೊರತೆಯಾದರೆ ಮಿದುಳಿಗೆ ಪೆಟ್ಟು ಬೀಳುತ್ತದೆ ಎಂಬುದು ಇವತ್ತು ನಿನ್ನೆಯ ವಿಷಯ ಅಲ್ಲ. ವೆರ್ನಿಕೆ ಎಂಬ ವೈದ್ಯ ಆ ಕಾಯಿಲೆಯನ್ನು ವಿವರಿಸಿದ್ದು 1881ರಲ್ಲಿ. ಆದರೂ ಥಯಾಮಿನ್ ಬರೆಯಲು ಮರೆತ ಕೇಸ್ ಶೀಟ್‌ಗಳು ಈಗಲೂ ಕಣ್ಣಿಗೆ ಬೀಳುತ್ತವೆ.

ಸರಿ, ಐದಾರು ದಿನದಲ್ಲಿ ನಡುಕ ನಿಂತಿತು. ಇಲ್ಲಿಗೆ ಮುಗಿದಿದ್ದು ಮೈಯಿಂದ ಮದ್ಯ ಇಳಿಸುವ ಕೆಲಸ ಮಾತ್ರ. ವ್ಯಸನದ ಚಿಕಿತ್ಸೆ ಇನ್ನೂ ಶುರುವೇ ಆಗಿಲ್ಲ. ಇಲ್ಲಿಗೇ ಕೈ ತೊಳೆದುಕೊಳ್ಳುವುದು, ಒಲೆ ಉರಿಯುತ್ತಿರುವಾಗಲೇ ಉಕ್ಕಿದ ಹಾಲನ್ನು ಒರೆಸಿ ಅಡುಗೆಮನೆಯಿಂದ ಎದ್ದು ಹೋದ ಹಾಗೆ.

ನಾಲ್ಕನೇ ದಿನದ ಬೆಳಿಗ್ಗೆಯ ಬಗ್ಗೆ ನಾನು ಹೇಳಲೇಬೇಕು. ವೈದ್ಯರು ರೌಂಡ್ಸ್‌ಗೆ ಬಂದು ಹೋಗುವ ಹೊತ್ತಿಗೆ ಇದು ಕಾಣುವುದಿಲ್ಲ, ದಿನವಿಡೀ ವಾರ್ಡಿನಲ್ಲಿರುವವರಿಗೆ ಕಾಣುತ್ತದೆ. ಹಿಂದಿನ ರಾತ್ರಿ ಗೋಡೆ ಮೇಲೆ ಹುಳ ಹರಿಯುತ್ತಿದೆ ಎಂದು ಕೂಗಾಡಿ, ಹೊದಿಕೆ ಕಿತ್ತು, ಕೈಗೆ ಹಾಕಿದ್ದ ಕ್ಯಾನುಲಾ ಕಿತ್ತೆಸೆದ ಮನುಷ್ಯ ಬೆಳಿಗ್ಗೆ ಎದ್ದು ಕೂತಿರುತ್ತಾರೆ. ಎರಡೂ ಕೈಯಲ್ಲಿ ಲೋಟ ಹಿಡಿದಿರುತ್ತಾರೆ. ನೀರು ಚೆಲ್ಲುತ್ತಿಲ್ಲ ಎಂದು ತಾವೇ ಲೋಟವನ್ನು ನೋಡಿಕೊಳ್ಳುತ್ತಾರೆ. ಆಮೇಲೆ ಮೆಲ್ಲಗೆ ಕೇಳುತ್ತಾರೆ, “ಸಿಸ್ಟರ್, ರಾತ್ರಿ ನಾನು ಏನಾದ್ರೂ ಕೆಟ್ಟ ಮಾತಾಡಿದ್ನಾ?” ಇಲ್ಲ ಬಿಡಿ ಎಂದರೂ ನಂಬುವುದಿಲ್ಲ. ಮಣಿಕಟ್ಟಿನ ಹೊಸ ಬ್ಯಾಂಡೇಜ್ ನೋಡುತ್ತಾರೆ. “ಇನ್ನು ಮುಟ್ಟಲ್ಲ ಸಿಸ್ಟರ್” ಎನ್ನುತ್ತಾರೆ.

ಈ ಮಾತನ್ನು ಕೇಳಿ ‘ಎಲ್ಲರೂ ಹೀಗೇ ಹೇಳ್ತಾರೆ’ ಎಂದು ಪಕ್ಕದಲ್ಲಿ ನಿಂತವರು ಮುಖ ತಿರುಗಿಸುವುದನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಹೊತ್ತಿಗೆ ಆ ಮಾತು ಪೂರ್ತಿ ನಿಜ. ತಲೆ ತಿಳಿಯಾಗಿದೆ, ಸಾವು ಪಕ್ಕದಲ್ಲೇ ಹಾದು ಹೋಗಿದ್ದು ಗೊತ್ತಾಗಿದೆ, ಮನೆಯವರು ಇನ್ನೂ ಹಾಸಿಗೆ ಪಕ್ಕದಲ್ಲಿ ಇದ್ದಾರೆ, ಕುಡಿಯುವ ಜಾಗದಿಂದ, ಕುಡಿಯುವ ಗೆಳೆಯರಿಂದ ದೂರ ಇದ್ದಾರೆ. ವರ್ಷಗಳಲ್ಲಿ ಒಮ್ಮೆ ಸಿಗುವ ಗಳಿಗೆ ಅದು. ಆ ಮಾತನ್ನು ಹಿಡಿದು ಮುಂದಕ್ಕೆ ಕರೆದುಕೊಂಡು ಹೋಗುವವರು ಅವತ್ತು ಆ ಹಾಸಿಗೆ ಹತ್ತಿರ ಬರಬೇಕಿತ್ತು. ಬರುವುದು ಡಿಸ್ಚಾರ್ಜ್ ಪೇಪರ್. ಹಾಸಿಗೆ ಬೇರೆಯವರಿಗೆ ಬೇಕಾಗಿರುತ್ತದೆ.

ಇನ್ನು ಸ್ವಲ್ಪ ಮುತುವರ್ಜಿ ಇರುವ ಕಡೆ ಚೀಟಿ ಕೊಡುತ್ತಾರೆ. ವ್ಯಸನ ಚಿಕಿತ್ಸಾ ಕೇಂದ್ರದ ಹೆಸರು, ಒಂದು ಫೋನ್ ನಂಬರ್. ರೆಫರ್ ಮಾಡಿದ್ದೇವೆ ಎಂದು ಕೇಸ್ ಶೀಟ್‌ನಲ್ಲಿ ಬರೆದುಕೊಳ್ಳುತ್ತಾರೆ. ಆ ಚೀಟಿ ಹಿಡಿದವರ ಮುಂದಿನ ದಾರಿಯನ್ನು ಒಮ್ಮೆ ಯೋಚಿಸಿ ನೋಡಿ. ಮನೆಗೆ ಹೋಗಿ ಒಂದೆರಡು ದಿನ ಸುಸ್ತಿನಲ್ಲೇ ಮಲಗುತ್ತಾರೆ, ಆಮೇಲೆ ಧೈರ್ಯ ಮಾಡಿ ಫೋನ್ ಮಾಡಿದರೆ ಆ ಕಡೆ ಎತ್ತುವುದಿಲ್ಲ, ಎತ್ತಿದರೂ ಎರಡು ವಾರ ಬಿಟ್ಟು ಬನ್ನಿ ಎನ್ನುತ್ತಾರೆ, ಅಷ್ಟರಲ್ಲಿ ನಿದ್ದೆ ಬಾರದ ರಾತ್ರಿಗಳು ಶುರುವಾಗಿರುತ್ತವೆ, ಆಸ್ಪತ್ರೆಯ ಖರ್ಚಿನ ಬಗ್ಗೆ ಮನೆಯಲ್ಲಿ ಮಾತು ಎದ್ದಿರುತ್ತದೆ, ಕೆಲಸಕ್ಕೆ ರಜೆ ಹಾಕಿದ್ದು ಮುಗಿದಿರುತ್ತದೆ, ಯಾರಾದರೂ ನೋಡಿಬಿಟ್ಟರೆ ಎಂಬ ನಾಚಿಕೆ ಬೇರೆ, ಸಂಜೆಯಾದರೆ ಮೈಮನಸ್ಸೆಲ್ಲ ಅದನ್ನೇ ಕೇಳುತ್ತದೆ. ಇಷ್ಟೆಲ್ಲ ದಾಟಿ ಒಬ್ಬಂಟಿಯಾಗಿ ಗುರುತಿಲ್ಲದ ಕಟ್ಟಡದೊಳಗೆ ಹೋಗಿ, ಗುರುತಿಲ್ಲದ ಕೌಂಟರಿನಲ್ಲಿ ‘ನನಗೆ ಕುಡಿತದ ಸಮಸ್ಯೆ ಇದೆ’ ಎಂದು ಹೇಳಬೇಕು. ಆರೋಗ್ಯವಾಗಿರುವ ನಮಗೇ ಇದು ಕಷ್ಟ ಅಲ್ವಾ? ಹೋಗಲಿಲ್ಲ ಎಂದರೆ ‘ಅವರಿಗೆ ಬಿಡುವ ಮನಸ್ಸಿಲ್ಲ’ ಎಂದು ನಾವು ಷರಾ ಬರೆಯುತ್ತೇವೆ.

ಮನಸ್ಸಿಲ್ಲದ್ದು ಯಾರಿಗೆ ಎಂಬುದನ್ನು ಅಮೆರಿಕದ ಬೋಸ್ಟನ್‌ನಲ್ಲಿ ಅರವತ್ತು ವರ್ಷಗಳ ಹಿಂದೆಯೇ ಪರೀಕ್ಷೆ ಮಾಡಿ ನೋಡಿದ್ದಾರೆ. ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ಎಮರ್ಜೆನ್ಸಿಗೆ ಬರುತ್ತಿದ್ದ ಕುಡಿತದ ರೋಗಿಗಳಲ್ಲಿ ಚಿಕಿತ್ಸೆಗೆ ಮುಂದುವರಿಯುವವರು ತೀರಾ ಕಡಿಮೆ. ಇವರಿಗೆ ಆಸಕ್ತಿಯೇ ಇಲ್ಲ ಎಂದು ಅಲ್ಲೂ ಎಲ್ಲರೂ ನಂಬಿದ್ದರು. ಮೋರಿಸ್ ಶಾಫೆಟ್ಜ್ ಎಂಬ ಮನೋವೈದ್ಯ ಮತ್ತು ಅವರ ಜೊತೆಗಾರರು ಒಂದು ಗುಂಪಿನ ರೋಗಿಗಳನ್ನು ಎಮರ್ಜೆನ್ಸಿಯಲ್ಲೇ ಭೇಟಿಯಾದರು. ಒಬ್ಬ ವೈದ್ಯ, ಒಬ್ಬ ಸಮಾಜ ಕಾರ್ಯಕರ್ತ ಅಲ್ಲಿಂದಲೇ ಅವರ ಜೊತೆ ನಿಂತರು, ಮರ್ಯಾದೆಯಿಂದ ಮಾತಾಡಿದರು, ಅವರಿಗೆ ಆಗ ಬೇಕಾಗಿದ್ದ ಸಹಾಯ ಮಾಡಿದರು. ಇನ್ನೊಂದು ಗುಂಪಿಗೆ ಎಂದಿನಂತೆ ರೆಫರ್ ಮಾಡಿದರು. 1962ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಕೈಹಿಡಿದು ಕರೆದ ಗುಂಪಿನಲ್ಲಿ 100ಕ್ಕೆ 65 ಜನ ಚಿಕಿತ್ಸೆಯ ಮೊದಲ ಭೇಟಿಗೆ ಬಂದರು. ಎಂದಿನಂತೆ ಕಳಿಸಿದ ಗುಂಪಿನಲ್ಲಿ ಬಂದವರು 100ಕ್ಕೆ 5 ಜನ. ಕಾಯಿಲೆ ಅದೇ, ಆಸ್ಪತ್ರೆ ಅದೇ. ಬದಲಾಗಿದ್ದು ನಾವು ನಡೆದುಕೊಂಡ ರೀತಿ ಮಾತ್ರ. ಅದೇ ಆಸ್ಪತ್ರೆಯಲ್ಲಿ ಮುಂದೆ, ಮೊದಲ ಸಲ ಬಂದು ಹೋದವರಿಗೆ ಕಾಳಜಿಯಿಂದ ಬರೀ ಒಂದು ಫೋನ್ ಮಾಡಿ ನೋಡಿದರು. ಫೋನ್ ಹೋದವರಲ್ಲಿ 100ಕ್ಕೆ 44 ಜನ ವಾಪಸ್ ಬಂದರು, ಹೋಗದವರಲ್ಲಿ 8 ಜನ. ಒಂದು ಫೋನ್‌ಗೆ ಇಷ್ಟು ವ್ಯತ್ಯಾಸ.

1981ರ ಇನ್ನೊಂದು ಸಣ್ಣ ಪ್ರಯೋಗ ನನಗೆ ಇನ್ನೂ ಇಷ್ಟ. ಚಿಕಿತ್ಸೆಯಲ್ಲಿದ್ದ 20 ಜನರಲ್ಲಿ ಅರ್ಧ ಜನರಿಗೆ, ಕುಡಿತ ಬಿಡುವವರು ಒಟ್ಟು ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘದ ಸಭೆ ಎಲ್ಲಿ, ಯಾವಾಗ ಎಂಬ ಮಾಹಿತಿ ಕೊಟ್ಟು ಹೋಗಲು ಹೇಳಿದರು. ಉಳಿದ ಅರ್ಧಕ್ಕೆ, ಎದುರಿಗೇ ಆ ಸಂಘದ ಒಬ್ಬ ಸದಸ್ಯರಿಗೆ ಫೋನ್ ಮಾಡಿ, ರೋಗಿಯ ಜೊತೆ ಮಾತಾಡಿಸಿದರು. ನಾನೇ ಬಂದು ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ ಎಂದು ಆ ಸದಸ್ಯರು ಹೇಳಿದರು. ಎರಡನೇ ಗುಂಪಿನ ಎಲ್ಲರೂ ಸಭೆಗೆ ಹೋದರು. ಮೊದಲನೇ ಗುಂಪಿನಲ್ಲಿ ಒಬ್ಬರೂ ಹೋಗಲಿಲ್ಲ.

ಆ ಸಂಘದ ಹುಟ್ಟಿಗೂ ಆಸ್ಪತ್ರೆಗೂ ಹತ್ತಿರದ ನಂಟಿದೆ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನ ಆಸ್ಪತ್ರೆಯಲ್ಲಿ ಕುಡಿತದಿಂದ ಮಲಗಿದ್ದ ಒಬ್ಬ ವಕೀಲರನ್ನು ನೋಡಲು ಇಬ್ಬರು ಹೋದರು. ಇಬ್ಬರೂ ಕುಡಿತದಿಂದ ನೆಲಕಚ್ಚಿ ಎದ್ದವರು, ಅವರಲ್ಲಿ ಒಬ್ಬರು ಶಸ್ತ್ರಚಿಕಿತ್ಸಕರು. ಹಾಸಿಗೆ ಪಕ್ಕ ಕೂತು ತಮ್ಮ ಕಥೆ ಹೇಳಿದರು. ಆ ವಕೀಲರು ಸಂಘದ ಮೂರನೇ ಸದಸ್ಯರಾದರು. 1939ರಲ್ಲಿ ಅದೇ ಊರಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ, ದಾಖಲಾತಿ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಇಗ್ನೇಷಿಯಾ ಎಂಬ ಸನ್ಯಾಸಿನಿ ಆ ಶಸ್ತ್ರಚಿಕಿತ್ಸಕರ ಜೊತೆ ಸೇರಿ ಕುಡಿತದ ರೋಗಿಗಳನ್ನು ದಾಖಲು ಮಾಡಿಕೊಳ್ಳಲು ಶುರು ಮಾಡಿದರು. ಕುಡಿತ ಬಿಟ್ಟವರು ಬಂದು ಈ ರೋಗಿಗಳ ಜೊತೆ ಕೂರುತ್ತಿದ್ದರು. ಮನೆಗೆ ಹೋಗುವ ಹೊತ್ತಿಗೆ ರೋಗಿಗೆ ಹೊರಗಡೆ ಪರಿಚಯದವರು ಇರುತ್ತಿದ್ದರು. ದುಡ್ಡಿಲ್ಲ, ಸಿಬ್ಬಂದಿ ಇಲ್ಲ ಎಂದು ಹೇಳುವ ಮುಂಚೆ ಇದನ್ನೊಮ್ಮೆ ನೆನಪಿಸಿಕೊಳ್ಳಿ. ಕುಡಿತ ಬಿಟ್ಟು ಚೆನ್ನಾಗಿರುವ ಒಬ್ಬರನ್ನು ವಾರ್ಡಿನೊಳಗೆ ಬಿಡಲು ಎಷ್ಟು ದುಡ್ಡು ಬೇಕು? ಸಭೆಗಳಿಗೆ ಹೋಗುವುದು ಎಲ್ಲರಿಗೂ ಒಗ್ಗುವುದಿಲ್ಲ, ನಿಜ. ಆದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ಕೊಕ್ರೇನ್ ಪರಿಶೀಲನೆ ಹೇಳಿದ್ದು ಇದು: ಜನರನ್ನು ವ್ಯವಸ್ಥಿತವಾಗಿ ಈ ಸಭೆಗಳಿಗೆ ಜೋಡಿಸಿದರೆ, ಪೂರ್ತಿ ಬಿಟ್ಟು ಉಳಿಯುವುದರಲ್ಲಿ ಅದು ಬೇರೆ ಒಪ್ಪಿತ ಚಿಕಿತ್ಸೆಗಳಿಗಿಂತ ಒಂದು ಕೈ ಮೇಲೆಯೇ.

ಇಲ್ಲಿ ಒಂದು ಮಾತು ವೈದ್ಯರಿಗೆ. ‘ನಾವು ಹತ್ತು ನಿಮಿಷ ಕೂತು ಬುದ್ಧಿ ಹೇಳುತ್ತೇವಲ್ಲ’ ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಅಷ್ಟಾದರೂ ಹೇಳುತ್ತೀರಲ್ಲ, ಅದಕ್ಕೆ ಗೌರವ ಇದೆ. ಮಿತಿ ಮೀರುತ್ತಿರುವ, ಇನ್ನೂ ಚಟಕ್ಕೆ ಪೂರ್ತಿ ಬೀಳದವರಿಗೆ ಅಂಥ ಮಾತು ಉಪಯೋಗಕ್ಕೆ ಬರುತ್ತದೆ. ಆದರೆ ವಾರ್ಡಿನಲ್ಲಿ ಮಲಗಿರುವವರಲ್ಲಿ ಹೆಚ್ಚಿನವರು ಆ ಹಂತ ದಾಟಿದವರು. ಬೋಸ್ಟನ್ನಿನಲ್ಲೇ ರಿಚರ್ಡ್ ಸೈಟ್ಜ್ ಮತ್ತು ತಂಡ ವಾರ್ಡಿನ ರೋಗಿಗಳ ಮೇಲೆ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಮ್ಮೆ ಕೂತು ಮಾತಾಡಿದ್ದರಿಂದ ಕುಡಿತವೂ ಕಡಿಮೆಯಾಗಲಿಲ್ಲ, ಚಟಕ್ಕೆ ಬಿದ್ದವರು ಚಿಕಿತ್ಸೆಗೆ ಹೋಗುವುದೂ ಹೆಚ್ಚಾಗಲಿಲ್ಲ. ಹಾಗಾಗಿ ಬುದ್ಧಿಮಾತಿಗೆ ನಿಲ್ಲಿಸಬೇಡಿ. ಔಷಧಿ ಶುರು ಮಾಡಿ, ಮುಂದಿನವರ ಕೈಗೆ ಒಪ್ಪಿಸಿ.

ಔಷಧಿ ಇದೆ ಎಂಬುದೇ ಎಷ್ಟೋ ರೋಗಿಗಳಿಗೆ ಗೊತ್ತಿಲ್ಲ. ಬೇಜಾರಿನ ವಿಷಯ ಏನೆಂದರೆ, ಗೊತ್ತಿರುವ ವೈದ್ಯರೂ ‘ಅದು ಸೈಕಿಯಾಟ್ರಿಯವರ ಕೆಲಸ’ ಎಂದು ಬಿಡುತ್ತಾರೆ. ನಾಲ್ಟ್ರೆಕ್ಸೋನ್ ದಿನಕ್ಕೊಂದು ಮಾತ್ರೆ. ಕುಡಿದಾಗ ಸಿಗುವ ಹಿತವನ್ನು ಅದು ತಗ್ಗಿಸುತ್ತದೆ, ಕುಡಿಯಬೇಕೆಂಬ ತುಡಿತವನ್ನೂ ತಗ್ಗಿಸುತ್ತದೆ. ಅಮೆರಿಕದಲ್ಲಿ ಕುಡಿತದ ಕಾಯಿಲೆಗೆ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ತಿಂಗಳಿಗೊಂದು ಇಂಜೆಕ್ಷನ್ ರೂಪದಲ್ಲೂ ಇದೆ. ಮಾರ್ಫಿನ್ ಜಾತಿಯ ನೋವಿನ ಔಷಧಿ ತೆಗೆದುಕೊಳ್ಳುತ್ತಿರುವವರಿಗೆ ಕೊಡಬಾರದು, ಲಿವರ್ ತೀರಾ ಕೆಟ್ಟಿದ್ದರೆ ಯೋಚಿಸಬೇಕು. ಅಕಾಂಪ್ರೊಸೇಟ್ ಲಿವರ್ ಮೇಲೆ ಭಾರ ಹಾಕುವುದಿಲ್ಲ, ಕಿಡ್ನಿ ಮೂಲಕ ಹೊರಗೆ ಹೋಗುತ್ತದೆ, ಹಾಗಾಗಿ ಕಿಡ್ನಿ ನೋಡಿಕೊಳ್ಳಬೇಕು. ಸಿರೋಸಿಸ್, ಅಂದರೆ ಲಿವರ್ ಗಾಯಗಟ್ಟಿ ಗಟ್ಟಿಯಾಗುವ ಕಾಯಿಲೆ ಇರುವವರಿಗೆ ಬ್ಯಾಕ್ಲೊಫೆನ್ ಎಂಬ ಔಷಧಿ ಕೊಟ್ಟು ನೋಡಿದ ಅಧ್ಯಯನಗಳಿವೆ. ಡೈಸಲ್ಫಿರಾಮ್ ಎಲ್ಲಕ್ಕಿಂತ ಹಳೆಯದು, ಅದನ್ನು ನುಂಗಿ ಕುಡಿದರೆ ಮೈ ತಡೆಯುವುದಿಲ್ಲ, ಮುಖ ಕೆಂಪಾಗಿ ಎದೆ ಹೊಡೆದುಕೊಂಡು ವಾಂತಿಯಾಗುತ್ತದೆ. ಅದಕ್ಕೆ ರೋಗಿಗೆ ಪೂರ್ತಿ ತಿಳಿಸಿ, ಅವರು ಒಪ್ಪಿದ ಮೇಲೇ ಕೊಡಬೇಕು. ಮನೆಯವರು ದಯವಿಟ್ಟು ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಬೇಡಿ, ಜೀವಕ್ಕೇ ಕುತ್ತು ಬರಬಹುದು. ಯಾರಿಗೆ ಯಾವುದು ಎಂಬುದು ವೈದ್ಯರ ತೀರ್ಮಾನ. ನಾನು ಕೇಳುವುದು ಇಷ್ಟೇ: ಆ ತೀರ್ಮಾನ ಡಿಸ್ಚಾರ್ಜ್‌ಗೆ ಮುಂಚೆ, ವಾರ್ಡಿನಲ್ಲೇ ಆಗಲಿ. ಬಿಪಿ ಮಾತ್ರೆ ಜೊತೆ ಇದೂ ಅದೇ ಚೀಟಿಯಲ್ಲಿ ಹೋಗಲಿ.

ಆಮೇಲೆ ಜೋಡಿಸುವ ಕೆಲಸ. ಇದಕ್ಕೆ ಒಬ್ಬರು ಬೇಕು. ಹೆಸರು ಗೊತ್ತಿರುವ, ಮುಖ ಗೊತ್ತಿರುವ ಒಬ್ಬರು. ಅವರು ಸೋಷಿಯಲ್ ವರ್ಕರ್ ಆಗಿರಬಹುದು, ತರಬೇತಿ ಪಡೆದ ನರ್ಸ್ ಆಗಿರಬಹುದು, ಕುಡಿತ ಬಿಟ್ಟು ಗಟ್ಟಿಯಾಗಿ ನಿಂತವರೂ ಆಗಿರಬಹುದು. ‘ಎಲ್ಲರ ಜವಾಬ್ದಾರಿ’ ಎಂದರೆ ಯಾರೂ ಮಾಡುವುದಿಲ್ಲ, ನಮ್ಮ ವಾರ್ಡುಗಳ ಕಥೆ ನಿಮಗೆ ಗೊತ್ತೇ ಇದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 2019ರ ತನ್ನ ಯೋಜನೆಯಲ್ಲಿ, ಕುಡಿತದ ರೋಗಿಗಳು ಜಾಸ್ತಿ ಇರುವ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ತಂಡ ಮಾಡುವುದಾಗಿ ಬರೆದುಕೊಂಡಿತು. ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಒಂದು ವಿಶ್ವವಿದ್ಯಾಲಯದ ಆಸ್ಪತ್ರೆ 2015ರಿಂದ ವೈದ್ಯರು, ಸಮಾಜ ಕಾರ್ಯಕರ್ತರು ಮತ್ತು ಚಟದಿಂದ ಹೊರಬಂದವರು ಒಟ್ಟಿಗೇ ಇರುವ ತಂಡವನ್ನು ವಾರ್ಡಿನ ಹಾಸಿಗೆ ಹತ್ತಿರಕ್ಕೇ ಕಳಿಸುತ್ತಿದೆ. ಅಂದರೆ ಇದು ಆಗದ ಕೆಲಸ ಏನಲ್ಲ.

ಆ ಒಬ್ಬರು ಮಾಡಬೇಕಾದ್ದು ದೊಡ್ಡ ವಿದ್ಯೆ ಅಲ್ಲ. ರೋಗಿ ಹಾಸಿಗೆಯಲ್ಲಿ ಇರುವಾಗಲೇ, ಅವರ ಎದುರಿಗೇ ಕೇಂದ್ರಕ್ಕೆ ಫೋನ್ ಮಾಡಬೇಕು. ಅಲ್ಲಿ ಮುಂದೆ ನೋಡಿಕೊಳ್ಳುವವರ ಜೊತೆ ರೋಗಿಯೇ ಎರಡು ಮಾತಾಡಬೇಕು, ಆ ದನಿ ಪರಿಚಯ ಆಗಬೇಕು. ಸಾಧ್ಯವಾಗಿ ಅವರೇ ವಾರ್ಡಿಗೆ ಬಂದು ಹೋದರೆ ಇನ್ನೂ ಒಳ್ಳೆಯದು. ವಾರದೊಳಗಿನ ತಾರೀಖು ಬೇಕು, ಸಾಧ್ಯವಾದರೆ ಎರಡು ಮೂರು ದಿನದೊಳಗಿನದು. ಹೇಗೆ ಹೋಗುತ್ತೀರಿ, ಯಾರು ಜೊತೆ ಬರುತ್ತಾರೆ, ಅವತ್ತು ಕೆಲಸಕ್ಕೆ ರಜೆ ಸಿಗುತ್ತಾ, ಮನೆಯಲ್ಲಿ ಮದ್ಯ ಇಟ್ಟಿದ್ದೀರಾ, ಸಂಜೆ ಹೊತ್ತು ಏನು ಮಾಡುತ್ತೀರಿ ಎಂದು ಕೇಳಬೇಕು. ಈ ಪುಟ್ಟ ಪ್ರಶ್ನೆಗಳಲ್ಲೇ ದಾರಿ ತಪ್ಪುವುದು. ರೋಗಿಯ ಒಪ್ಪಿಗೆ ಪಡೆದು ಸಮ್ಮರಿಯ ಒಂದು ಪ್ರತಿ ಕೇಂದ್ರಕ್ಕೆ ಮೊದಲೇ ತಲುಪಬೇಕು, ಯಾಕೆಂದರೆ ಅದೇ ನಾಚಿಕೆಯ ಕಥೆಯನ್ನು ಮತ್ತೆ ಮೊದಲಿಂದ ಹೇಳಿಸುವುದು ಹಿಂಸೆ. ಮನೆಗೆ ಹೋದ ಎರಡನೇ ದಿನ ಫೋನ್ ಮಾಡಿ ‘ಹೇಗಿದ್ದೀರಿ, ನಿದ್ದೆ ಬಂತಾ’ ಎಂದು ಕೇಳಬೇಕು. ತಾರೀಖಿಗೆ ಹೋಗದಿದ್ದರೆ ಹೆಸರು ಹೊಡೆದುಹಾಕದೆ ಇನ್ನೊಮ್ಮೆ ಫೋನ್ ಮಾಡಬೇಕು. ಬೈಯಬಾರದು.

ಎಲ್ಲಕ್ಕೂ ಮೊದಲು, ಕೇಳಬೇಕು. ಅಡ್ಮಿಟ್ ಆದ ಪ್ರತಿಯೊಬ್ಬರನ್ನೂ. ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಎಂಬ 10 ಪ್ರಶ್ನೆಗಳ ಪಟ್ಟಿ ಇದೆ, ಅದರ ಮೊದಲ ಮೂರು ಪ್ರಶ್ನೆ ಸಾಕು: ಎಷ್ಟು ದಿನಕ್ಕೊಮ್ಮೆ ಕುಡಿಯುತ್ತೀರಿ, ಕುಡಿದ ದಿನ ಎಷ್ಟು, ತುಂಬಾ ಜಾಸ್ತಿ ಕುಡಿಯುವುದು ಎಷ್ಟು ಸಲ. ಬಿಪಿ ನೋಡುವಷ್ಟು ಹೊತ್ತೂ ಬೇಡ. ಈಗ ನಾವು ಮುಖ ನೋಡಿ ಕೇಳುತ್ತೇವೆ. ಬಟ್ಟೆ ಕೊಳಕಾದ ಗಂಡಸರನ್ನು ಕೇಳುತ್ತೇವೆ. ಮೂಳೆ ಮುರಿದು ಬಂದ ನಿವೃತ್ತ ಮೇಷ್ಟ್ರನ್ನು ಕೇಳುವುದಿಲ್ಲ, ಆಪರೇಷನ್ ಆದ ಮೂರನೇ ದಿನ ಅವರು ಇದ್ದಕ್ಕಿದ್ದಂತೆ ಗೊಂದಲಕ್ಕೆ ಬಿದ್ದಾಗ ವಯಸ್ಸಿನ ಮರೆವು ಎನ್ನುತ್ತೇವೆ. ಹೆಂಗಸರನ್ನಂತೂ ಕೇಳುವುದೇ ಇಲ್ಲ. ಕೇಳಿದರೂ ಗಂಡ, ಅತ್ತೆ, ಮಕ್ಕಳು ಸುತ್ತ ನಿಂತಿರುವಾಗ ಕೇಳುತ್ತೇವೆ, ಅವರು ಇಲ್ಲ ಎನ್ನದೆ ಇನ್ನೇನು ಹೇಳುತ್ತಾರೆ? ಪರದೆ ಎಳೆದು, ಜೊತೆಗಿದ್ದವರನ್ನು ಹೊರಗೆ ಕಳಿಸಿ, ಎಲ್ಲರಿಗೂ ಕೇಳುವ ಪ್ರಶ್ನೆ ಇದು ಎಂದು ಹೇಳಿ ಕೇಳಿದರೆ ಎಷ್ಟೋ ಜನ ಅಳುತ್ತಾ ಹೇಳಿಬಿಡುತ್ತಾರೆ. ಯಾರಾದರೂ ಕೇಳಲಿ ಎಂದು ಕಾಯುತ್ತಿರುತ್ತಾರೆ.

ವ್ಯಸನ ಚಿಕಿತ್ಸಾ ಕೇಂದ್ರದವರಿಗೂ ಒಂದು ಕಳಕಳಿಯ ಮಾತಿದೆ. ‘ಲಿವರ್ ಸರಿ ಮಾಡಿಕೊಂಡು ಬನ್ನಿ’ ಎಂದು ನೀವು ವಾಪಸ್ ಕಳಿಸುತ್ತೀರಿ, ‘ಮೊದಲು ಕುಡಿತ ಬಿಟ್ಟು ಬನ್ನಿ’ ಎಂದು ಲಿವರ್ ವೈದ್ಯರು ಕಳಿಸುತ್ತಾರೆ. ಎರಡು ಬಾಗಿಲ ನಡುವೆ ಓಡಾಡಲು ಕಾಮಾಲೆ ಆದವರಿಗೆ ಶಕ್ತಿ ಎಲ್ಲಿದೆ? ಸಿರೋಸಿಸ್ ಮುಂದುವರಿದ ಮೇಲೂ ಕುಡಿತ ನಿಂತರೆ ಬದುಕುವ ಅವಕಾಶ ಹೆಚ್ಚುತ್ತದೆ. ಅಂಥವರಿಗೆ ಲಿವರಿನ ಚಿಕಿತ್ಸೆ, ಚಟದ ಚಿಕಿತ್ಸೆ ಎಂದು ಎರಡಿಲ್ಲ. ವಾರಕ್ಕೊಂದು ದಿನ ನಿಮ್ಮವರು ಆಸ್ಪತ್ರೆಗೆ ಬಂದು ಕೂರಬಹುದಲ್ಲ? ಅಥವಾ ನಿಮ್ಮ ಅಪಾಯಿಂಟ್‌ಮೆಂಟ್ ಪುಸ್ತಕದಲ್ಲಿ ವಾರ್ಡಿನಿಂದ ಬರುವವರಿಗೆಂದೇ ಕೆಲವು ಜಾಗ ಖಾಲಿ ಇಡಬಹುದಲ್ಲ?

ಹೇಳದೆ ಕೇಳದೆ ಆಸ್ಪತ್ರೆ ಬಿಟ್ಟು ಹೋಗುವವರ ಬಗ್ಗೆಯೂ ಹೇಳಬೇಕು. ‘ಕುಡಿಯೋಕೆ ಓಡಿಹೋದ’ ಎನ್ನುತ್ತಾರೆ. ನಡುಕಕ್ಕೆ ಸರಿಯಾಗಿ ಔಷಧಿ ಕೊಟ್ಟಿದ್ದೆವಾ ಎಂದು ಯಾರೂ ಕೇಸ್ ಶೀಟ್ ತೆಗೆದು ನೋಡುವುದಿಲ್ಲ. ಮೈಯೆಲ್ಲ ನಡುಗುತ್ತಿರುವವರನ್ನು ಹಾಸಿಗೆಗೆ ಕಟ್ಟಿಹಾಕಿ, ಗದರಿಸಿ, ಕುಡಿದಿದ್ದಕ್ಕೆ ಅನುಭವಿಸಲಿ ಎಂದು ಬಿಟ್ಟರೆ ಯಾರು ತಾನೇ ಉಳಿಯುತ್ತಾರೆ? ಒಮ್ಮೆ ಹಾಗೆ ನಡೆಸಿಕೊಂಡರೆ ಮುಂದಿನ ಸಲ ಸಾಯುವ ಹಂತಕ್ಕೆ ಬರುವವರೆಗೂ ಅವರು ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ.

ಬಿಡುವ ಮನಸ್ಸು ನಿಜವಾಗಿಯೂ ಇನ್ನೂ ಬಾರದವರು ಇರುತ್ತಾರೆ. ಅವರನ್ನು ಒತ್ತಾಯ ಮಾಡಿ ಎಲ್ಲಿಗೋ ತಳ್ಳುವುದು ನನ್ನ ಬೇಡಿಕೆ ಅಲ್ಲ. ಕಡಿಮೆ ಮಾಡೋಣ ಎನ್ನುವವರಿಗೂ ಸಹಾಯ ಇದೆ, ಕುಡಿಯುತ್ತಿರುವಾಗಲೇ ನಾಲ್ಟ್ರೆಕ್ಸೋನ್ ಶುರು ಮಾಡಬಹುದು. ಏನೂ ಬೇಡ ಎಂದರೆ ‘ಆಯ್ತು, ಮನಸ್ಸು ಬದಲಾದ ದಿನ ಈ ನಂಬರಿಗೆ ಫೋನ್ ಮಾಡಿ, ನಾನೇ ಎತ್ತುತ್ತೇನೆ’ ಎಂದು ಹೇಳಿ ಕಳಿಸೋಣ. ಹಾಗೆ ಹೇಳಿಸಿಕೊಂಡವರು ತಿಂಗಳುಗಳು ಕಳೆದ ಮೇಲೆ ಫೋನ್ ಮಾಡಿದ್ದನ್ನು ಕಂಡಿದ್ದೇನೆ.

ಮತ್ತೆ ಕುಡಿದು ಬಂದವರನ್ನು ನಾವು ಹೇಗೆ ಎದುರುಗೊಳ್ಳುತ್ತೇವೆ ಎಂಬುದು ಇದೆಲ್ಲಕ್ಕಿಂತ ಮುಖ್ಯ ಎಂದು ನನಗನ್ನಿಸುತ್ತದೆ. ಕ್ಯಾಶುವಾಲಿಟಿಯಿಂದ ಸ್ಟ್ರೆಚರ್ ಬರುತ್ತಿದ್ದಂತೆ ‘ಓ, ಇವರು ಮತ್ತೆ ಬಂದ್ರಾ’ ಎಂಬ ಮಾತು ವಾರ್ಡಿನಲ್ಲಿ ಕೇಳಿಸುತ್ತದೆ. ಅವರಿಗೂ ಕೇಳಿಸುತ್ತದೆ. ಆಸ್ತಮಾ ಇರುವವರು ಚಳಿಗಾಲದಲ್ಲಿ ಮತ್ತೆ ಉಬ್ಬಸ ಎಂದು ಬಂದರೆ ಯಾರೂ ಹಾಗೆ ಹೇಳುವುದಿಲ್ಲ. ಮರುಕಳಿಸುವುದು ಈ ಕಾಯಿಲೆಯ ಸ್ವಭಾವ. ಕಳೆದ ಸಲ ಮೂರು ತಿಂಗಳು ಕುಡಿಯದೆ ಇದ್ದರು ಎಂದರೆ ಆ ಮೂರು ತಿಂಗಳಲ್ಲಿ ಏನು ಕೆಲಸ ಮಾಡಿತು, ಎಲ್ಲಿ ಕೈ ತಪ್ಪಿತು ಎಂದು ಕೇಳಿದರೆ ಈ ಸಲದ ಚಿಕಿತ್ಸೆಗೆ ಅದೇ ಆಧಾರ.

ಮನೆಯವರಿಗೆ ಒಂದೇ ಮಾತು. ಡಿಸ್ಚಾರ್ಜ್ ದಿನ ಬಿಲ್, ಮಾತ್ರೆ, ಪಥ್ಯ ಎಲ್ಲ ಕೇಳುತ್ತೀರಿ. ಅದರ ಜೊತೆ ಇದನ್ನೂ ಕೇಳಿ: ಕುಡಿತಕ್ಕೆ ಚಿಕಿತ್ಸೆ ಏನು ಶುರು ಮಾಡಿದ್ದೀರಿ, ಮುಂದೆ ಯಾರು ನೋಡುತ್ತಾರೆ, ಯಾವ ದಿನ? ಕೇಳುವುದಕ್ಕೆ ನಿಮಗೆ ಹಕ್ಕಿದೆ.

ಮುಖ್ಯಸ್ಥರೇ, ಹಣದ ಲೆಕ್ಕ ನಿಮ್ಮ ಮೇಜಿನ ಮೇಲೆ ಇರುತ್ತದೆ, ನನಗೆ ಅದು ಗೊತ್ತಿದೆ. ಒಬ್ಬರನ್ನು ನೇಮಿಸಲು ಸಂಬಳ ಬೇಕು. ಆದರೆ ಅದೇ ರೋಗಿ ಅದೇ ರಕ್ತ ವಾಂತಿಗೆ ಮತ್ತೆ ಮತ್ತೆ ಐಸಿಯುಗೆ ಬರುವ ಖರ್ಚೂ ಆ ಲೆಕ್ಕದಲ್ಲೇ ಇದೆ, ಬೇರೆ ಬೇರೆ ಸಾಲಿನಲ್ಲಿ ಇರುವುದರಿಂದ ಒಟ್ಟಿಗೆ ಕಾಣುವುದಿಲ್ಲ ಅಷ್ಟೇ. ಕಳೆದ ಒಂದು ವರ್ಷದಲ್ಲಿ ಕುಡಿತದ ಕಾಯಿಲೆಗೆ ಎರಡನೇ ಸಲ ದಾಖಲಾದವರ ಫೈಲ್‌ಗಳನ್ನು ರೆಕಾರ್ಡ್ ರೂಮಿನಿಂದ ತರಿಸಿ. ಪ್ರತಿಯೊಂದರಲ್ಲೂ ಮೊದಲ ಸಲದ ಡಿಸ್ಚಾರ್ಜ್ ಸಮ್ಮರಿಯ ಕೊನೆಯ ಸಾಲು ಓದಿ. ಯಾವ ಔಷಧಿ ಬರೆದಿತ್ತು, ಯಾವ ತಾರೀಖು ಕೊಟ್ಟಿತ್ತು, ಯಾರು ಫೋನ್ ಮಾಡಿದ್ದರು ಎಂದು ನೋಡಿ. ಆಮೇಲೆ ಮೆಡಿಸಿನ್, ಸೈಕಿಯಾಟ್ರಿ, ನರ್ಸಿಂಗ್ ಮೂರೂ ವಿಭಾಗದವರನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಈ ಕೆಲಸ ಯಾರದ್ದು ಎಂದು ಒಬ್ಬರ ಹೆಸರು ಬರೆದು, ಅವರ ಫೋನ್ ನಂಬರನ್ನು ಎಲ್ಲ ವಾರ್ಡಿನ ನರ್ಸಿಂಗ್ ಸ್ಟೇಷನ್‌ನಲ್ಲಿ ಅಂಟಿಸಿ. ರಾತ್ರಿ ಪಾಳಿಯಲ್ಲಿ ಇರುವ ನಮಗೆ, ಬೆಳಿಗ್ಗೆ ಎದ್ದು “ಇನ್ನು ಮುಟ್ಟಲ್ಲ” ಎನ್ನುವವರು ಸಿಕ್ಕಾಗ ಯಾರನ್ನು ಕರೆಯಬೇಕು ಎಂದು ಗೊತ್ತಿರಬೇಕು.

ಇಂತಿ,
ಒಬ್ಬ ವಾರ್ಡ್ ನರ್ಸ್